ಬರೆದವರು, ಸೇರಿಸಿದವರು, ಓದಿದವರು

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಗೆ ಹೋದರೂ ‘ಗಿಟ್’ ಇಲ್ಲದೆ ಕೆಲಸ ಸಾಗುವುದಿಲ್ಲ. ಕೋಡ್‌ನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂಬ ಲೆಕ್ಕ ಇಡುವ ಸಾಧನ ಅದು. ಅದನ್ನು ಹುಟ್ಟುಹಾಕಿದವರು ಲಿನಸ್ ಟೊರ್ವಾಲ್ಡ್ಸ್ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರೂ ಹೇಳುತ್ತಾರೆ. ಆದರೆ ಲಿನಸ್ ಅದನ್ನು ನೋಡಿಕೊಂಡದ್ದು ನಾಲ್ಕು ತಿಂಗಳೂ ಇಲ್ಲ. ಅಲ್ಲಿಂದ ಈಚೆಗೆ, 20 ವರ್ಷಕ್ಕೂ ಮೀರಿ, ಅದನ್ನು ಕಾಯುತ್ತ ಬಂದವರು ಜುನಿಯೊ ಹಮಾನೊ. ಆ ಹೆಸರು ಕೇಳಿದವರು ಕಡಿಮೆ.

ಇತಿಹಾಸ ಚಿಕ್ಕದು. ಲಿನಸ್ ಅವರ ಲಿನಕ್ಸ್ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ತಂಡ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಸಾಧನದ ಉಚಿತ ಬಳಕೆ 2005ರಲ್ಲಿ ನಿಂತುಹೋಯಿತು. ಏಪ್ರಿಲ್ ಮೊದಲ ವಾರದಲ್ಲಿ ಲಿನಸ್ ತಾವೇ ಗಿಟ್ ಬರೆಯಲು ಕೂತರು. ಹಮಾನೊ ಶುರುವಿನಲ್ಲೇ ಪ್ಯಾಚ್ (ಕೋಡ್ ಬದಲಾವಣೆ) ಕಳಿಸತೊಡಗಿದವರಲ್ಲಿ ಒಬ್ಬರು. ಜುಲೈ 26ರಂದು ಲಿನಸ್ ಯೋಜನೆಯನ್ನು ಅವರ ಕೈಗೆ ಒಪ್ಪಿಸಿ ಕರ್ನಲ್ ಕಡೆಗೆ ಮರಳಿದರು.

ಹಮಾನೊ ಅವರ ದಿನಚರಿಯ ಬಹುಪಾಲು ಓದು. ಪ್ರಪಂಚದ ಯಾವುದೋ ಮೂಲೆಯಿಂದ ಪ್ಯಾಚ್ ಇ-ಮೇಲ್‌ನಲ್ಲಿ ಬರುತ್ತದೆ: ತೆಗೆದ ಸಾಲಿನ ಮುಂದೆ ಮೈನಸ್, ಸೇರಿಸಿದ ಸಾಲಿನ ಮುಂದೆ ಪ್ಲಸ್. ಓದಿದವರು ಯಾವ ಸಾಲಿನ ಬಗ್ಗೆ ತಕರಾರಿದೆಯೋ ಅದರ ಕೆಳಗೇ ಉತ್ತರ ಬರೆಯುತ್ತಾರೆ. ಕೋಡ್ ಸರಿಯಿದ್ದರೆ ಸಾಲದು, ಅದರ ಜತೆ ಬರೆದ ವಿವರಣೆಯೂ ಪರೀಕ್ಷೆಗೆ ಒಳಗಾಗುತ್ತದೆ. ಈಗಿನ ಕೋಡ್‌ನ ತೊಂದರೆ ಏನು, ಇದೇ ದಾರಿ ಯಾಕೆ ಹಿಡಿದಿರಿ ಎಂದು ಮೊದಲು ಹೇಳಬೇಕು. ಆಮೇಲೆ ಬದಲಾವಣೆಯನ್ನು ಕೋಡಿಗೆ ಅಪ್ಪಣೆ ಕೊಡುವ ಧಾಟಿಯಲ್ಲಿ ಬರೆಯಬೇಕು: ‘ಇದನ್ನು ತೆಗೆ’, ‘ಅದನ್ನು ಸೇರಿಸು’. ‘ತೆಗೆದೆ’, ‘ಸೇರಿಸಿದೆ’ ಎಂದು ಬರೆದರೆ ತಿದ್ದಿ ಕಳಿಸಿ ಎನ್ನುತ್ತಾರೆ. ಹತ್ತು ವರ್ಷದ ನಂತರ ಈ ಸಾಲು ಯಾಕಿದೆ ಎಂದು ತಲೆ ಕೆರೆದುಕೊಳ್ಳುವವರಿಗೆ ಉಳಿಯುವುದು ಆ ವಿವರಣೆಯೊಂದೇ. ಹಾಗಾಗಿ ಈ ಹಟ ನನಗೆ ಅತಿ ಎನಿಸುವುದಿಲ್ಲ.

ಎರಡನೇ ಆವೃತ್ತಿ, ಮೂರನೆಯದು, ಹೀಗೆ ತಿದ್ದುಪಡಿ ನಡೆಯುತ್ತದೆ. ಹಿಂದಿನದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ತೋರಿಸಲೂ ಗಿಟ್‌ನಲ್ಲಿ ಒಂದು ಆದೇಶವಿದೆ. ಓದುವವರ ಸಮಯ ಉಳಿಯಲಿ ಎಂಬ ಕಾಳಜಿಯಿಂದ ಬಂದದ್ದು ಅದು. ಹಮಾನೊ ಕಣ್ಣಿಗೆ ಬಿದ್ದ ಪ್ಯಾಚ್ ‘ಸೀನ್’ ಎಂಬ ಬ್ರಾಂಚಿಗೆ (ಕೋಡಿನ ಒಂದು ಕವಲಿಗೆ) ಹೋಗಬಹುದು. ಅದರರ್ಥ ಅವರು ನೋಡಿದ್ದಾರೆ, ಅಷ್ಟೇ, ಒಪ್ಪಿದ್ದಾರೆ ಎಂದಲ್ಲ. ಚರ್ಚೆ ಮುಗಿದ ಮೇಲೆ ‘ನೆಕ್ಸ್ಟ್’ಗೆ ಬರುತ್ತದೆ. ಸಾಮಾನ್ಯವಾಗಿ ಒಂದು ವಾರವಾದರೂ ಅಲ್ಲಿದ್ದು, ತೊಂದರೆ ಕಾಣದಿದ್ದರೆ ‘ಮಾಸ್ಟರ್’ ಸೇರುತ್ತದೆ. ಯಾವ ಪ್ಯಾಚ್ ಎಲ್ಲಿದೆ ಎಂಬ ವರದಿಯನ್ನು ಹಮಾನೊ ನಿಯಮಿತವಾಗಿ ಎಲ್ಲರಿಗೂ ಕಳಿಸುತ್ತಾರೆ. ‘ವಾಟ್ಸ್ ಕುಕಿಂಗ್’ ಎಂದು ಅದರ ಹೆಸರು.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಗಿಟ್‌ನ ದಾಖಲಾದ ಪ್ರತಿಯೊಂದು ಬದಲಾವಣೆಯಲ್ಲೂ, ಅಂದರೆ ಕಮಿಟ್‌ನಲ್ಲೂ ಎರಡು ಹೆಸರಿಗೆ ಜಾಗವಿದೆ: ಬರೆದವರದೊಂದು, ಸೇರಿಸಿದವರದೊಂದು. ಓದಿ ತಿದ್ದಿಸಿದವರಿಗೆ ಅಂಥ ಜಾಗವಿಲ್ಲ. ಬಂದರೆ ಅವರ ಹೆಸರು ವಿವರಣೆಯ ತುದಿಯಲ್ಲಿ ‘ರಿವ್ಯೂಡ್-ಬೈ’ ಎಂಬ ಒಂದು ಸಾಲಾಗಿ ಬರುತ್ತದೆ. ಅದನ್ನು ಪ್ಯಾಚ್ ಬರೆದವರು ತಾವಾಗಿ ಹಾಕಿಕೊಳ್ಳುವಂತಿಲ್ಲ. ಕೂಲಂಕಷವಾಗಿ ಓದಿ, ಪೂರ್ತಿ ತೃಪ್ತರಾದವರು ತಾವೇ ಕೊಡಬೇಕು. ತಿಂಗಳುಗಟ್ಟಲೆ ಇಂಥ ಕೆಲಸ ಮಾಡಿದವರ ಹೆಸರು ಕೊಡುಗೆದಾರರ ಎಣಿಕೆಯಲ್ಲಿ ಕಾಣದೇ ಹೋಗಬಹುದು. ಇದು ನ್ಯಾಯವಲ್ಲ ಎಂದೇ ನನ್ನ ಅನಿಸಿಕೆ.

ಓದುವವರು ಇಲ್ಲವಾದರೆ ಏನಾಗುತ್ತದೆ ಎಂಬುದನ್ನು 2024 ತೋರಿಸಿಕೊಟ್ಟಿತು. ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶ ಅನೇಕ ಲಿನಕ್ಸ್ ವ್ಯವಸ್ಥೆಗಳ ಒಳಗಿದೆ. ಅದನ್ನು ವರ್ಷಗಳಿಂದ ನೋಡಿಕೊಂಡವರು ಒಬ್ಬರೇ. ಕೆಲಸ ನಿಧಾನವಾಯಿತು ಎಂದು ಗುರುತಿಲ್ಲದ ಖಾತೆಗಳಿಂದ ಅವರ ಮೇಲೆ ಒತ್ತಡ ಬಂತು. ‘ಜಿಯಾ ಟಾನ್’ ಹೆಸರಿನಲ್ಲಿ ಒಳ್ಳೆಯ ಪ್ಯಾಚ್‌ಗಳನ್ನು ಕಳಿಸುತ್ತ ನಂಬಿಕೆ ಗಳಿಸಿದ್ದ ವ್ಯಕ್ತಿಗೆ ಅಧಿಕಾರ ಸಿಕ್ಕಿತು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸೇರಿಕೊಂಡಿತು. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಯಾಕೆ ಎಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತದಿದ್ದರೆ, ಮಾರ್ಚ್ 29ರಂದು ಅದು ಬಯಲಾಗುತ್ತಿರಲಿಲ್ಲ. ದಣಿದ ಆ ಒಬ್ಬರನ್ನು ದೂರಲು ನನಗೆ ಮನಸ್ಸಿಲ್ಲ. ಜತೆಗೆ ಕೂತು ಓದಲು ಇನ್ನಿಬ್ಬರು ಇದ್ದಿದ್ದರೆ ಅವರ ಮೇಲೆ ಅಷ್ಟು ಭಾರ ಬೀಳುತ್ತಿರಲಿಲ್ಲ.

ಗಿಟ್‌ನ ಸ್ಥಿತಿ ಅದಕ್ಕಿಂತ ಎಷ್ಟೋ ಉತ್ತಮ. ಹಮಾನೊ ಜತೆ ನಿಯಮಿತವಾಗಿ ಓದುವ ಅನುಭವಿಗಳಿದ್ದಾರೆ. ಹೊಸಬರಿಗೆ ಇಂಥ ಯೋಜನೆಗಳಲ್ಲಿ ಕೆಲಸ ಮಾಡುವ ಅವಕಾಶ ಕೊಡುವ ಬೇಸಿಗೆಯ ‘ಗೂಗಲ್ ಸಮ್ಮರ್ ಆಫ್ ಕೋಡ್’ಗೆ ಭಾರತದ ವಿದ್ಯಾರ್ಥಿಗಳೂ ಅರ್ಜಿ ಹಾಕುತ್ತಾರೆ. ಮೊದಲು ಒಂದು ಪುಟ್ಟ ಪ್ಯಾಚ್ ಕಳಿಸಿ, ರಿವ್ಯೂ ಎದುರಿಸಿ ಬರಬೇಕು ಎಂಬುದು ನಿಯಮ. ಅಲ್ಲಿ ತಮ್ಮ ಹತ್ತು ಸಾಲಿಗೆ ಹಿರಿಯರೊಬ್ಬರು ಮೂವತ್ತು ಸಾಲು ಉತ್ತರ ಬರೆದದ್ದನ್ನು ಕಂಡ ಹುಡುಗ ಹುಡುಗಿಯರಿಗೆ ಯಾವ ತರಗತಿಯಲ್ಲೂ ಸಿಗದ ಪಾಠ ಸಿಕ್ಕಿರುತ್ತದೆ. ಆದರೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಪ್ರೋಗ್ರಾಂ ಬರೆಸುವಷ್ಟು ಶ್ರದ್ಧೆಯಿಂದ ಇನ್ನೊಬ್ಬರ ಪ್ರೋಗ್ರಾಂ ಓದಿಸುವುದಿಲ್ಲ. ಬೇಸಿಗೆ ಮುಗಿದು ನೌಕರಿ ಸಿಕ್ಕ ಮೇಲೆ, ಬೇರೆಯವರ ಪ್ಯಾಚ್ ಓದಲು ಎಲ್ಲರೂ ಮರಳುವುದಿಲ್ಲ. ಹಮಾನೊ ಕಳಿಸುವ ವರದಿಯಲ್ಲಿ ಕೆಲವು ಪ್ಯಾಚ್‌ಗಳ ಕೆಳಗೆ ‘ರಿವ್ಯೂ ಬೇಕು’ ಎಂಬ ಟಿಪ್ಪಣಿ ಮತ್ತೆ ಮತ್ತೆ ಬರುತ್ತದೆ. ಕೊನೆಗೂ ಯಾರೂ ಓದದಿದ್ದರೆ, ಕೋಡ್ ಚೆನ್ನಾಗಿದ್ದರೂ ಅದನ್ನು ಪಟ್ಟಿಯಿಂದ ಕೈಬಿಡಬೇಕಾಗುತ್ತದೆ.