ಗರಿ ತಾಗಿದ ಕಣ್ಣಿಗೆ ಯಾವ ಹನಿ?

ಭದ್ರಾ ನಾಲೆಯ ಗದ್ದೆಗಳಲ್ಲಿ ಕೊಯ್ಲು, ಒಕ್ಕಣೆ ನಡೆಯುವಾಗ ಭತ್ತದ ಗರಿ ಕಣ್ಣಿಗೆ ಹೊಡೆಯುವುದು, ಹೊಟ್ಟು ಬೀಳುವುದು ಮಾಮೂಲು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಊರು ಭದ್ರಾವತಿಯಲ್ಲಿ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಗ್ರೈಂಡಿಂಗ್ ಮಾಡುವವರ ಕಣ್ಣಿಗೆ ಲೋಹದ ಚೂರು ಸಿಡಿಯುವ ಅಪಾಯ ಇದ್ದೇ ಇದೆ. ಎರಡು ಮೂರು ದಿನದಲ್ಲಿ ಕಣ್ಣು ಕೆಂಪಾಗಿ, ನೋವು ಹೆಚ್ಚಿ, ಬೆಳಕು ನೋಡಲಾಗದೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡಿದರೆ ಅದು ಕಾರ್ನಿಯಾದ ಹುಣ್ಣಿರಬಹುದು.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ ಕಾರ್ನಿಯಾ. ನಡುಭಾಗದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ನುಂಗಿದ ಮಾತ್ರೆಯ ಔಷಧ ಅಲ್ಲಿಗೆ ಸಾಕಷ್ಟು ತಲುಪದು, ಹನಿಯೇ ಮುಖ್ಯ ಚಿಕಿತ್ಸೆ. ಮೇಲ್ಪದರ ಗಟ್ಟಿಯಾಗಿರುವ ತನಕ ಹೆಚ್ಚಿನ ರೋಗಾಣುಗಳು ಒಳಹೊಗಲಾರವು. ಒಂದು ಗೀರು ಬಿದ್ದರೆ ದಾರಿ ತೆರೆಯುತ್ತದೆ.

ಒಳಹೊಕ್ಕದ್ದು ಯಾವುದು ಎಂಬುದೇ ಇಲ್ಲಿ ನಿರ್ಣಾಯಕ. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯಿಂದ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಪಾಲು ಬಹುತೇಕ ಸಮವಾಗಿತ್ತು. ಬ್ಯಾಕ್ಟೀರಿಯಾಗಳಲ್ಲಿ ನ್ಯುಮೋಕಾಕಸ್, ಸ್ಯೂಡೋಮೊನಾಸ್ ಪ್ರಮುಖವಾದವು. ಕಾಂಟ್ಯಾಕ್ಟ್ ಲೆನ್ಸ್ ಬಳಸುವವರನ್ನು ಹೆಚ್ಚಾಗಿ ಕಾಡುವ ಸ್ಯೂಡೋಮೊನಾಸ್ ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ತೂತಾಗಿಸಬಲ್ಲದು. ಫ್ಯುಸೇರಿಯಮ್, ಆಸ್ಪರ್‌ಜಿಲ್ಲಸ್ ಎಂಬ ಶಿಲೀಂಧ್ರಗಳು ಮಣ್ಣು, ಗಿಡಗಂಟಿಗಳಲ್ಲೇ ಇರುವಂಥವು. ಗರಿಯ ಜೊತೆಗೇ ಬರುತ್ತವೆ. ಆಂಟಿಬಯೋಟಿಕ್ ಅವನ್ನು ಕೊಲ್ಲುವುದಿಲ್ಲ.

ಆದ್ದರಿಂದ ವೈದ್ಯರು ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಹುಣ್ಣಿನ ಅಂಚನ್ನು ನವಿರಾಗಿ ಕೆರೆದು ಗಾಜಿನ ಸ್ಲೈಡಿಗೆ ಸವರುತ್ತಾರೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದಾಗ ಸುತ್ತಲ ಜೀವಕೋಶಗಳು ಕರಗಿ, ಶಿಲೀಂಧ್ರವಿದ್ದರೆ ಅದರ ಕವಲೊಡೆದ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತವೆ. ಗ್ರಾಮ್ ಬಣ್ಣ ಹಾಕಿದ ಸ್ಲೈಡಿನಲ್ಲಿ ನ್ಯುಮೋಕಾಕಸ್ ನೇರಳೆ ಬಣ್ಣದ ಜೋಡಿ ಚುಕ್ಕೆ, ಸ್ಯೂಡೋಮೊನಾಸ್ ಗುಲಾಬಿ ಕಡ್ಡಿ.

ಬ್ಯಾಕ್ಟೀರಿಯಾ ಆದರೆ ಮಾಕ್ಸಿಫ್ಲಾಕ್ಸಸಿನ್, ಇಲ್ಲವೇ ಹೆಚ್ಚು ಸಾಂದ್ರತೆಯಲ್ಲಿ ತಯಾರಿಸಿದ ಸೆಫಜೋಲಿನ್ ಮತ್ತು ಟೋಬ್ರಾಮೈಸಿನ್ ಹನಿಗಳು. ಮೊದಲೆರಡು ದಿನ ಹಗಲು ರಾತ್ರಿ ಗಂಟೆಗೊಮ್ಮೆ ಹಾಕಬೇಕಾಗುತ್ತದೆ. ಮನೆಯವರು ಎದ್ದು ಕೂರಲೇಬೇಕು. ಎಳೆಗಳುಳ್ಳ ಶಿಲೀಂಧ್ರವಾದರೆ 5% ನ್ಯಾಟಮೈಸಿನ್, ಅದೂ ವಾರಗಟ್ಟಲೆ.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತಿರುತ್ತದೆ. ನಂದಿಬಟ್ಟಲು ರಸ, ಎದೆಹಾಲು ಹಿಂಡುವುದರಿಂದ ಹೊಸ ಸೋಂಕು ಸೇರಬಹುದು, ಅಮೂಲ್ಯ ಸಮಯವೂ ಹೋಗುತ್ತದೆ. ಹುಣ್ಣು ಮಾಗಿದ ಮೇಲೆ ಉಳಿಯುವ ಬಿಳಿ ಕಲೆಯನ್ನು ಯಾವ ಹನಿಯೂ ಪೂರ್ತಿ ಅಳಿಸದು.

ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಗೀರು ಬಿದ್ದ ಕಣ್ಣಿಗೆ ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿದರು. ಪೆಟ್ಟಾದ 18 ಗಂಟೆಯೊಳಗೆ ಚಿಕಿತ್ಸೆ ಆರಂಭಿಸಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ ಎಂದು 2001ರ ವರದಿ ಹೇಳುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಹರಕೆರೆಯ ಶಂಕರ ಕಣ್ಣಿನ ಆಸ್ಪತ್ರೆ ಭದ್ರಾವತಿಯವರಿಗೂ ದೂರವಲ್ಲ. ಗ್ರೈಂಡಿಂಗ್ ಮಾಡುವಾಗಲೂ ಒಕ್ಕಣೆಯಲ್ಲೂ ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ಕಣ್ಣಿಗೆ ಪೆಟ್ಟಾದರೆ ಉಜ್ಜಬೇಡಿ, ಆವತ್ತೇ ಕಣ್ಣಿನ ವೈದ್ಯರಿಗೆ ತೋರಿಸಿ.