ಯಾರಿಗೆ ಹಾಕುವುದು ಮಾಸ್ಟ್ರೇ?

2024ರ ಲೋಕಸಭಾ ಚುನಾವಣೆಗೆ ನಾಲ್ಕು ದಿನವಿರುವಾಗ ನಮ್ಮ ನೆರೆಮನೆಯ ಅಕ್ಕ ಜಗಲಿಯಲ್ಲಿ ಕುಳಿತು ಕೇಳಿದ ಪ್ರಶ್ನೆ ಇದು. ಅವರ ಕೈಯಲ್ಲಿ ಮೂರು ಪಕ್ಷಗಳ ಮೂರು ಕರಪತ್ರಗಳಿದ್ದುವು. ಒಂದರ ಕನ್ನಡವಂತೂ ಮಲಯಾಳದಿಂದ ಪದಕ್ಕೆ ಪದ ಇಳಿಸಿದ್ದು. ನಮ್ಮ ಶಾಲೆಯ ಮಕ್ಕಳು ಹಾಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆವು. “ಈ ಸಲ ನಾನು ಹೋಗುವುದೇ ಇಲ್ಲ. ಯಾರು ಗೆದ್ದರೂ ನಮಗೆಂತ?” ಎಂದರು ಅವರು. ನಮಗೆ ಕೂಡಲೆ ಉತ್ತರ ತೋಚಲಿಲ್ಲ.

ಅಭ್ಯರ್ಥಿಗಳು ಅಯೋಗ್ಯರೆಂದು ಅವರು ಹೇಳಿದ್ದಲ್ಲ. ಆ ಸಲ ಗೆದ್ದ ರಾಜಮೋಹನ್ ಉಣ್ಣಿತ್ತಾನ್ ಕೊಲ್ಲಂ ಕಡೆಯವರು, ಎಡರಂಗದ ಎಂ.ವಿ. ಬಾಲಕೃಷ್ಣನ್ ಜಿಲ್ಲೆಯ ತೆಂಕಣ ಭಾಗದವರು, ಬಿ.ಜೆ.ಪಿ.ಯ ಎಂ.ಎಲ್. ಅಶ್ವಿನಿ ಮಂಜೇಶ್ವರ ಬ್ಲಾಕ್ ಪಂಚಾಯತಿನ ಸದಸ್ಯೆಯಾಗಿದ್ದವರು, ಕನ್ನಡ ಬಲ್ಲವರು. 2019ರಲ್ಲಿಯೂ ರವೀಶ ತಂತ್ರಿ ಕುಂಟಾರು ಕಣದಲ್ಲಿದ್ದರು. ಆದುದರಿಂದ ನಮ್ಮ ಭಾಷೆಯವರು ನಿಲ್ಲುವುದೇ ಇಲ್ಲ ಎಂದು ದೂರುವಂತಿಲ್ಲ. ನಮ್ಮ ಸಂಕಟ ಬೇರೆ. ಮನಸ್ಸಿಗೊಪ್ಪಿದ ಪಕ್ಷ ನಮ್ಮ ಭಾಷೆ ಅರಿಯದವರನ್ನು ನಿಲ್ಲಿಸುತ್ತದೆ. ಭಾಷೆ ಬಲ್ಲವರು ನಿಂತಾಗ ಪಕ್ಷ ಎಲ್ಲರಿಗೂ ಒಪ್ಪಿಗೆಯಾಗುವುದಿಲ್ಲ. ಹೀಗೆ ಒಂದೇ ಮನೆಯೊಳಗೆ ಅಪ್ಪ, ಮಗ, ಸೊಸೆ ಮೂವರೂ ಬೇರೆ ಬೇರೆ ಕಾರಣಕ್ಕೆ ಬೇಸರಪಟ್ಟುಕೊಂಡು ಬೂತಿಗೆ ನಡೆಯುತ್ತಾರೆ.

ಇದಕ್ಕೆ ಲೆಕ್ಕವೇ ಕಾರಣ. ಕಾಸರಗೋಡು ಲೋಕಸಭಾ ಕ್ಷೇತ್ರದಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ: ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡು, ತೃಕ್ಕರಿಪುರ, ಅದಕ್ಕೆ ಸೇರಿ ಕಣ್ಣೂರು ಜಿಲ್ಲೆಯ ಪಯ್ಯನ್ನೂರು ಮತ್ತು ಕಲ್ಯಾಶ್ಶೇರಿ. ಕನ್ನಡದ ಮನೆಗಳು ಹೆಚ್ಚಾಗಿ ಇರುವುದು ಮೊದಲ ಎರಡರಲ್ಲಿ. ಅಲ್ಲಿಯೂ ನಾವು ಒಂದು ಭಾಗ ಮಾತ್ರ. ಅಭ್ಯರ್ಥಿಯನ್ನು ಆರಿಸುವವರು ಮೊದಲು ನೋಡುವುದು ಪಯ್ಯನ್ನೂರನ್ನೇ ಹೊರತು ಪೈವಳಿಕೆಯನ್ನಲ್ಲ. 2024ರಲ್ಲಿ ಗೆಲುವಿನ ಅಂತರ ಒಂದು ಲಕ್ಷ ಮತಗಳನ್ನು ದಾಟಿತು. ಅಷ್ಟು ದೊಡ್ಡ ಅಂತರದಲ್ಲಿ ನಮ್ಮ ಅಕ್ಕನ ಒಂದು ಓಟು ಎಲ್ಲಿ ಬಿತ್ತೆಂದು ಯಾರು ಹುಡುಕುತ್ತಾರೆ?

ಹಿಂದೆ ಹೀಗಿರಲಿಲ್ಲವೆಂದು ಹಿರಿಯರು ಹೇಳುವುದುಂಟು. 1957ರಲ್ಲಿ ಎಂ. ಉಮೇಶ ರಾವ್ ಮಂಜೇಶ್ವರದಿಂದ ಕೇರಳದ ಪ್ರಥಮ ವಿಧಾನಸಭೆಗೆ ಅವಿರೋಧವಾಗಿ ಆರಿಸಿ ಬಂದರು. ಅನಂತರ ಕಳ್ಳಿಗೆ ಮಹಾಬಲ ಭಂಡಾರಿಯವರು ಬಂದರು. ಆಗ ಭಾಷೆಯೇ ಪಕ್ಷವಾಗಿತ್ತು. ಲೋಕಸಭೆಗೂ 1980ರಲ್ಲಿ ಎಂ. ರಾಮಣ್ಣ ರೈ, 1984ರಲ್ಲಿ ಐ. ರಾಮ ರೈ, ಪುನಃ 1989 ಮತ್ತು 1991ರಲ್ಲಿ ರಾಮಣ್ಣ ರೈ ಹೋದರು. ಇಬ್ಬರೂ ನಮ್ಮ ಕಡೆಯವರೇ, ಪಕ್ಷಗಳು ಬೇರೆ. ಆದರೂ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿಯ ಬಡಗಣ ಪ್ರದೇಶದ ಕುರಿತು ಕೊಟ್ಟ ಶಿಫಾರಸು ಕಡತದಲ್ಲಿಯೇ ಉಳಿಯಿತು. ಕನ್ನಡ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರು ಬರುವುದು ನಿಲ್ಲಲಿಲ್ಲ. ನಮ್ಮವನೊಬ್ಬ ದಿಲ್ಲಿಗೆ ಹೋದರೆ ಸಾಕು, ಎಲ್ಲವೂ ಸರಿಯಾದೀತು ಎಂಬ ನಂಬಿಕೆಯನ್ನು ನಾವಂತೂ ಎಂದೋ ಬಿಟ್ಟಿದ್ದೇವೆ. ಹೀಗೆಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬಿಬ್ಬರು ಮುಖ ಸಿಂಡರಿಸುತ್ತಾರೆ.

“ಹಾಗಾದರೆ ಯಾರೂ ಬೇಡ ಎಂದು ಒತ್ತಿ ಬರುತ್ತೇನೆ” ಎಂದರು ಅಕ್ಕ. ನಮಗೆ 2009ರ ನೆನಪಾಯಿತು. ಆ ವರ್ಷ ನಾವು ಚುನಾವಣಾ ಕರ್ತವ್ಯದಲ್ಲಿದ್ದ ಮತಗಟ್ಟೆಯಲ್ಲಿ ಯುವಕನೊಬ್ಬ ರಿಜಿಸ್ಟರಿಗೆ ಸಹಿ ಹಾಕಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಮೇಲೆ, “ನನಗೆ ಯಾರಿಗೂ ಹಾಕಲಿಕ್ಕಿಲ್ಲ” ಎಂದ. ಆಗ ಅದಕ್ಕೆ ಬಟನ್ ಇರಲಿಲ್ಲ. ನಿಯಮ 49-ಓ ಪ್ರಕಾರ ಅಧ್ಯಕ್ಷಾಧಿಕಾರಿ ರಿಜಿಸ್ಟರಿನಲ್ಲಿ ಷರಾ ಬರೆದು, ಅದರೆದುರು ಅವನ ಸಹಿ ಪಡೆಯಬೇಕಿತ್ತು. ಬೆಂಚಿನಲ್ಲಿದ್ದ ಏಜೆಂಟರೆಲ್ಲ ತಲೆಯೆತ್ತಿ ಅವನನ್ನೇ ನೋಡಿದರು. ಗುಟ್ಟಿನ ಮತದಾನದಲ್ಲಿ ಗುಟ್ಟಿಲ್ಲದೆ ಹೋದವನು ಅವನೊಬ್ಬನೇ! ಸುಪ್ರೀಂ ಕೋರ್ಟು 2013ರ ಸೆಪ್ಟೆಂಬರ್ 27ರಂದು ಕೊಟ್ಟ ತೀರ್ಪಿನಿಂದ ನೋಟಾ ಬಂದು, ಈ ಮುಜುಗರ ತಪ್ಪಿತು.

ಆದರೆ ತಪ್ಪಿದ್ದು ಅಷ್ಟೇ. ನಮ್ಮಂತೆಯೇ ಕನ್ನಡದ ಮನೆಗಳಿರುವ ನೀಲಗಿರಿಯಲ್ಲಿ 2014ರಲ್ಲಿ 46,559 ಮಂದಿ ನೋಟಾ ಒತ್ತಿದರು, ಅಲ್ಲಿ ಬಿ.ಜೆ.ಪಿ. ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿತ್ತು. 2024ರಲ್ಲಿ ಇಂದೋರಿನಲ್ಲಿ ಕಾಂಗ್ರೆಸ್ ಅಭ್ಯರ್ಥಿ ಕೊನೆಗಳಿಗೆಯಲ್ಲಿ ಹಿಂದೆ ಸರಿದಾಗ ನೋಟಾಕ್ಕೆ 2,18,674 ಮತ ಬಿತ್ತು. ಎರಡು ಕಡೆಯೂ ಗೆದ್ದವರು ಗೆದ್ದೇ ದಿಲ್ಲಿಗೆ ಹೋದರು. ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಂದರೂ ಅನಂತರದ ಸ್ಥಾನದಲ್ಲಿದ್ದ ಅಭ್ಯರ್ಥಿಯೇ ಸಂಸದನಾಗುತ್ತಾನೆ. ಮರುಚುನಾವಣೆ ಇಲ್ಲ. ಇದನ್ನು ಅಕ್ಕನಿಗೆ ಹೇಳಿದೆವು. ಮನೆಯಲ್ಲೇ ಕುಳಿತವರದ್ದಂತೂ ಆ ಲೆಕ್ಕಕ್ಕೂ ಬರುವುದಿಲ್ಲ ಎಂದೂ ಹೇಳಿದೆವು. ಮಂಜೇಶ್ವರದಲ್ಲಿ 2016ರ ವಿಧಾನಸಭಾ ಚುನಾವಣೆ ಬರೇ 89 ಮತಗಳಲ್ಲಿ ತೀರ್ಮಾನವಾದದ್ದು ಅವರಿಗೆ ನೆನಪಿತ್ತು.

ನಮಗೆ ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಅಧ್ಯಾಪಕರ ನೇಮಕ ರಾಜ್ಯದ ಕೆಲಸ, ಸಂಸದರಲ್ಲಿ ಕೇಳಿ ಫಲವಿಲ್ಲ ಎಂದು ಎಲ್ಲ ಪಕ್ಷದವರೂ ಹೇಳಿ ಜಾರಿಕೊಳ್ಳುತ್ತಾರೆ. ಅರ್ಧ ಸತ್ಯ. 1956ರಲ್ಲಿ ಯಾವ ಪುನರ್ವಿಂಗಡಣೆಯಿಂದ ನಾವು ಈ ಕಡೆ ಬಿದ್ದೆವೋ, ಅದರೊಂದಿಗೇ ಸಂವಿಧಾನದ ಏಳನೆಯ ತಿದ್ದುಪಡಿಯೂ ಬಂತು. ಅದರ 350-ಎ ವಿಧಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಬೇಕಾದರೆ ರಾಷ್ಟ್ರಪತಿಗಳು ರಾಜ್ಯಕ್ಕೆ ನಿರ್ದೇಶನ ಕೊಡಬಹುದು. 350-ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿ ಇರಬೇಕು, ಅವರ ವರದಿ ಸಂಸತ್ತಿನ ಎರಡೂ ಸದನಗಳ ಮುಂದೆ ಬರಬೇಕು. ಆ ವರದಿಯನ್ನು ಓದಿ ಎದ್ದು ನಿಂತು ಪ್ರಶ್ನೆ ಕೇಳಲು ಸಂಸದನಿಗೆ ಕನ್ನಡ ಬರಬೇಕೆಂದೇನೂ ಇಲ್ಲ. ಕೊಲ್ಲಂನವರೂ ಕೇಳಬಹುದು, ಕಲ್ಯಾಶ್ಶೇರಿಯವರೂ ಕೇಳಬಹುದು.

ಅಕ್ಕ ಏಪ್ರಿಲ್ 26ರಂದು ಬಿಸಿಲು ಇಳಿದ ಮೇಲೆ ಹೋಗಿ ಓಟು ಹಾಕಿ ಬಂದರು. ಯಾರಿಗೆಂದು ನಾವು ಕೇಳಲಿಲ್ಲ. ಆ ತಿಂಗಳಲ್ಲಿ ಮೂರು ಪಕ್ಷದವರೂ ನಮ್ಮ ಜಗಲಿ ಹತ್ತಿದ್ದರು. ಈ 350-ಬಿ ವಿಷಯವನ್ನು ಅವರೊಡನೆಯೂ ನಾವು ಎತ್ತಲಿಲ್ಲ. ಬಿಸಿಲಲ್ಲಿ ಬಂದವರಲ್ಲವೆ ಎಂದು ಮಜ್ಜಿಗೆ ಕೊಟ್ಟು, ನಕ್ಕು ಕಳುಹಿಸಿದೆವು.