ಸುಟ್ಟ ಕೈ ನಲ್ಲಿಯ ಕೆಳಗೆ ಎಷ್ಟು ಹೊತ್ತು?

ಒಗ್ಗರಣೆ ಸಿಡಿಯಿತು. ಮುಂಗೈ ಚುರ್ರೆಂದಿತು. ಹೇಳಿ ನೋಡೋಣ, ಮೊದಲು ಏನು ಹಚ್ಚುತ್ತೀರಿ?

ಟೂತ್‌ಪೇಸ್ಟ್? ಬೆಣ್ಣೆ? ದೋಸೆ ಹಿಟ್ಟು? ಇಂಕು? ಎಲ್ಲವನ್ನೂ ಬಿಡಿ! ಮೊದಲ ಮದ್ದು ಅಡುಗೆಮನೆಯ ನಲ್ಲಿಯಲ್ಲೇ ಇದೆ. ಹರಿಯುವ ತಣ್ಣೀರು!

ಇದು ಗೊತ್ತಿದ್ದದ್ದೇ ಅಂದಿರಾ? ಹಾಗಾದರೆ ಎಷ್ಟು ಹೊತ್ತು ಹಿಡಿಯಬೇಕು? ಅರ್ಧ ನಿಮಿಷ? ಉರಿ ತಗ್ಗುವವರೆಗೆ? ಹೋಗಲಿ, ಐದು ನಿಮಿಷ?

ಸಾಲದು! ಹತ್ತು? ಅದೂ ಸಾಲದು!

20 ನಿಮಿಷ! ಗಡಿಯಾರ ನೋಡಿಕೊಂಡು, ಪೂರ್ತಿ 20 ನಿಮಿಷ!

ಯಾಕೆ ಗೊತ್ತೇ? ಒಲೆ ಆರಿಸಿದ ಮೇಲೂ ಕಾವಲಿಯ ಮೇಲಿನ ದೋಸೆ ಸೀಯುತ್ತದಲ್ಲ, ಹಾಗೆ ಎಣ್ಣೆ ಒರೆಸಿದ ಮೇಲೂ ಚರ್ಮ ಒಳಗೊಳಗೇ ಬೇಯುತ್ತಿರುತ್ತದೆ! ಬೆಣ್ಣೆ, ಪೇಸ್ಟು ಮೆತ್ತಿದರೆ ಆ ಕಾವಿನ ಮೇಲೆ ಮುಚ್ಚಳ ಹಾಕಿದಂತೆಯೇ.

ಈಗ ನನ್ನನ್ನು ಬೆರಗುಗೊಳಿಸಿದ ಸಂಗತಿ ಕೇಳಿ. ಬರ್ಮಿಂಗ್‌ಹ್ಯಾಮ್‌ನ ಶಸ್ತ್ರವೈದ್ಯ ಡಗ್ಲಸ್ ಜಾಕ್ಸನ್ 1953ರಲ್ಲಿ ಸುಟ್ಟ ಗಾಯದಲ್ಲಿ ಮೂರು ವಲಯಗಳನ್ನು ಗುರುತಿಸಿದರು. ನಡುವಿನದು ಸತ್ತುಹೋಗಿದೆ. ಹೊರಗಿನದು ಬರೀ ಕೆಂಪಾಗಿದೆ, ತಾನೇ ಮಾಯುತ್ತದೆ. ಇವೆರಡರ ಮಧ್ಯೆ ಇನ್ನೊಂದಿದೆ! ಅಲ್ಲಿ ರಕ್ತದ ಓಟ ಕುಂಟುತ್ತಿದೆ, ಜೀವಕೋಶಗಳು ಇನ್ನೂ ಸತ್ತಿಲ್ಲ, ಉಳಿಯುವುದೂ ಖಾತ್ರಿಯಿಲ್ಲ. ಮುಂದಿನ ಒಂದೆರಡು ದಿನಗಳಲ್ಲಿ ಅವುಗಳ ಹಣೆಬರಹ ನಿರ್ಧಾರವಾಗುತ್ತದೆ. ನಿಮ್ಮ ನಲ್ಲಿಯ ನೀರು ಕಾಪಾಡುವುದು ಈ ವಲಯವನ್ನು!

ಹಾಗಾದರೆ ಐಸ್ ಇನ್ನೂ ಒಳ್ಳೆಯದಲ್ಲವೇ? ಅಲ್ಲವೇ ಅಲ್ಲ! ಐಸಿಗೆ ರಕ್ತನಾಳಗಳು ಮುದುಡುತ್ತವೆ. ಮೊದಲೇ ರಕ್ತಕ್ಕೆ ಬಾಯಿಬಿಡುತ್ತಿರುವ ಆ ಜೀವಕೋಶಗಳಿಗೆ ಅದೂ ತಪ್ಪುತ್ತದೆ.

ನೀರಿಗೆ ಅಷ್ಟು ಶಕ್ತಿಯೇ ಅನ್ನುತ್ತೀರಾ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸುಟ್ಟ ಗಾಯವಾದ 2,495 ಮಕ್ಕಳ ದಾಖಲೆಗಳನ್ನು ಸಂಶೋಧಕರು ಜಾಲಾಡಿದರು. 20 ನಿಮಿಷ ಹರಿಯುವ ನೀರು ಸಿಕ್ಕ ಮಕ್ಕಳಿಗೆ ಬೇರೆಡೆಯ ಚರ್ಮ ತೆಗೆದು ಕಸಿ ಮಾಡಬೇಕಾಗಿ ಬರುವ ಸಂಭವ ಎಷ್ಟು ಇಳಿದಿತ್ತು, ಊಹಿಸಿ!

ಸುಮಾರು ಶೇ. 40! ಔಷಧಿಯಿಂದಲ್ಲ. ಬರೀ ನೀರಿನಿಂದ!

ಬಳೆ, ಉಂಗುರ ಮಾತ್ರ ತಕ್ಷಣ ತೆಗೆಯಿರಿ, ಬಾವು ಬಂದರೆ ಕಳಚಲಾಗದು. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬೇಡಿ, ಬೊಬ್ಬೆ ಒಡೆಯಬೇಡಿ. ಮಗುವಾದರೆ ಗಾಯಕ್ಕಷ್ಟೇ ನೀರು, ಉಳಿದ ಮೈಗೆ ಬೆಚ್ಚನೆಯ ಹೊದಿಕೆ. ನಲ್ಲಿಯಲ್ಲಿ ನೀರಿಲ್ಲವೇ? ಬಕೆಟ್ಟಿನಿಂದ ಚೊಂಬು ಚೊಂಬಾಗಿ ಸುರಿಯುತ್ತಿರಿ! ಆಮೇಲೆ ಶುಭ್ರವಾದ ಪ್ಲಾಸ್ಟಿಕ್ ಹಾಳೆಯಿಂದ ಗಾಯವನ್ನು ಸಡಿಲವಾಗಿ ಮುಚ್ಚಿ. ಮುಖ, ಕೀಲು, ಗುಪ್ತಾಂಗ ಸುಟ್ಟಿದ್ದರೆ, ಅಂಗೈಗಿಂತ ದೊಡ್ಡ ಗಾಯವಾಗಿದ್ದರೆ, ಸುಟ್ಟದ್ದು ಕೂಸಾಗಿದ್ದರೆ ವೈದ್ಯರ ಬಳಿ ಹೋಗಲೇಬೇಕು.

ಇನ್ನೊಂದನ್ನು ಬೇಕೆಂದೇ ಉಳಿಸಿಕೊಂಡಿದ್ದೆ! ಗಾಬರಿಯಲ್ಲಿ ನೀರು ಹಾಕದೆಯೇ ಆಟೋ ಹತ್ತಿಬಿಟ್ಟಿರಿ ಅನ್ನಿ. ಅವಕಾಶ ತಪ್ಪಿತೇ? ಇಲ್ಲ! ಸುಟ್ಟ ಮೇಲೆ ಎಷ್ಟು ಹೊತ್ತಿನವರೆಗೂ ನೀರು ನೆರವಾದೀತು, ಬಲ್ಲಿರಾ? ಹತ್ತು ನಿಮಿಷವಲ್ಲ, ಅರ್ಧ ಗಂಟೆಯೂ ಅಲ್ಲ, 3 ಗಂಟೆ! ಆಸ್ಪತ್ರೆಯ ನಲ್ಲಿಯೇ ಆದರೂ ಸರಿ, ತಿರುಗಿಸಿ!